ಕುದುರೆ ಅಕ್ಕೋರ ಮಳೆಗಾಲ

ನಮ್ಮೂರಲ್ಲಿ ಒಂದು ಕುದುರೆ ಇದೆ ಎಂದರೆ ಯಲ್ಲಾಪುರ ಪೇಟೆಯಲ್ಲಿ ಈಗಲೂ ಕೆಲವರು ನಗುತ್ತಾರೆ. ನಗಲಿ. ಎಮ್ಮೆ ಇರುವ ಊರು ಬೇಕಾದಷ್ಟಿವೆ, ಕಾರು ಇರುವ ಮನೆಗಳಿಗೂ ಬರವಿಲ್ಲ. ಮಂಚಿಕೇರಿಯಿಂದ ಒಳಗೆ, ಬಸ್ಸು ತಿರುಗಿಸಿಕೊಂಡು ವಾಪಸು ಹೊರಡುವ ನಮ್ಮೂರಿನಲ್ಲಿ ಮಾತ್ರ ಮಳೆಗಾಲ ಪೂರ್ತಿ ಒಣಗಿದ ಕಾಲಲ್ಲಿ ನಿಲ್ಲುವ ಕುದುರೆಯೊಂದಿದೆ. ಈ ಜಂಬ ಮೊದಲು ನಮ್ಮದಾಗಿರಲಿಲ್ಲ. ಅದನ್ನು ನಮಗೆಲ್ಲ ಅಂಟಿಸಿ, ಹೋದ ಬೇಸಿಗೆಯಲ್ಲಿ ನಿವೃತ್ತರಾಗಿ ಹೊರಟುಹೋದವರು ನಮ್ಮ ಕುದುರೆ ಅಕ್ಕೋರು.

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರೆಲ್ಲ ಅಕ್ಕೋರೇ. ಯಾವ ಅಕ್ಕೋರು ಎಂದು ತಿಳಿಯಲು ಮಕ್ಕಳು ಹಿಂದೆ ಒಂದು ಬಾಲ ಸೇರಿಸುತ್ತಾರೆ. ನಾನು ಗಣಿತ ಕಲಿಸುವವಳು, ಹಾಗಾಗಿ ಲೆಕ್ಕದ ಅಕ್ಕೋರು. ಇವರು ಬಂದದ್ದು ಆಟ ಕಲಿಸುವ ಪಿ.ಟಿ. ಶಿಕ್ಷಕಿಯಾಗಿ. ಆಟದ ಅಕ್ಕೋರು ಎಂದೇ ಆಗಬೇಕಿತ್ತು. ಆದರೆ ಬೇರೆಯವರು ವರ್ಗವಾಗಿ ಬರುವಾಗ ಟ್ರಂಕು, ಗ್ಯಾಸ್ ಒಲೆ, ಹಾಸಿಗೆ ಸುರುಳಿ ತಂದರೆ ಇವರು ಟೆಂಪೊದ ಹಿಂಬದಿಯಲ್ಲಿ ಒಂದು ಕಂದು ಬಣ್ಣದ ಹೆಣ್ಣು ಕುದುರೆಯ ಹಗ್ಗ ಹಿಡಿದು ನಿಂತುಕೊಂಡೇ ಬಂದಿಳಿದರು. ಅವರ ಊರು ಹಾವೇರಿ. ತಂದೆ ಮೊದಲು ಟಾಂಗಾ ಓಡಿಸುತ್ತಿದ್ದರಂತೆ. ಟಾಂಗಾಕ್ಕೆ ಕಾಲವಿಲ್ಲದ ಮೇಲೆ ಮದುವೆ ಮೆರವಣಿಗೆಗೆ ಕುದುರೆ ಸಾಕಿದರಂತೆ. ಅವರು ತೀರಿಕೊಂಡ ಮೇಲೆ ಉಳಿದ ಒಂದೇ ಕುದುರೆಯನ್ನು ಮಾರುವ ಮಾತು ಮನೆಯಲ್ಲಿ ಎದ್ದಿತಂತೆ. ಇವರು ವಾದಕ್ಕೆ ನಿಲ್ಲದೆ ವರ್ಗಾವಣೆಯ ಸಾಮಾನಿನ ಜೊತೆ ಅದನ್ನೂ ಹೊರಡಿಸಿದರು. ಹೆಸರು ಮೋತಿ.

ಟೆಂಪೊ ನಿಂತಾಗ ಊರಿನ ಅರ್ಧ ಜನ ಅಲ್ಲೇ ಇದ್ದೆವು. ಬಾಡಿಗೆಗೆ ಗೊತ್ತು ಮಾಡಿದ್ದ ಮನೆಯ ಕೀಲಿ ನನ್ನ ಕೈಯಲ್ಲಿತ್ತು. ಅವರು ಅದರ ಕಡೆ ನೋಡಲೂ ಇಲ್ಲ.

"ಮನಿ ಆಮ್ಯಾಲ ನೋಡೂಣ್ರಿ ಅಕ್ಕಾರ. ಮೊದ್ಲ ಇಕಿಗೆ ಒಂದು ಒಣಾ ಜಾಗ ತೋರಸ್ರಿ," ಎಂದರು.

ಮೇ ತಿಂಗಳ ಕೊನೆ ಅದು. ಒಣ ಜಾಗ ಎಂದರೆ ಆಗ ಎಲ್ಲವೂ ಒಣ ಜಾಗವೇ. ಅವರ ಕಣ್ಣು ಇದ್ದದ್ದು ಮುಂದೆ ಬರುವ ಮಳೆಯ ಮೇಲೆ. ಕೊನೆಗೆ ನಮ್ಮ ಬೇಲಿಯ ಆಚೆಗಿನ ಗಣಪಿ ತನ್ನ ಆಲೆಮನೆಯನ್ನು ಬಿಟ್ಟುಕೊಟ್ಟಳು. ಗದ್ದೆ, ಸ್ವಲ್ಪ ಕಬ್ಬು ಮಾಡಿಕೊಂಡಿದ್ದ, ಗಂಡನಿಲ್ಲದ ಗಟ್ಟಿಗಿತ್ತಿ ಅವಳು. ಕಬ್ಬು ಅರೆಯುವುದನ್ನು ನಿಲ್ಲಿಸಿ ಕೆಲವು ವರ್ಷವಾಗಿತ್ತು. ದಿಬ್ಬದ ಮೇಲಿನ ಆಲೆಮನೆ ಖಾಲಿ ಬಿದ್ದಿತ್ತು. ಅಕ್ಕೋರು ನೆಲವನ್ನು ಮೂರ್ನಾಲ್ಕು ಕಡೆ ಒದ್ದು ನೋಡಿ, ನೀರು ಯಾವ ಕಡೆ ಹರಿಯುತ್ತದೆ ಎಂದು ವಿಚಾರಿಸಿ, ಆಗಬಹುದು ಎಂದರು. ತಮಗೆ ಮನೆ ತೋರಿಸಿದಾಗ ಒಳಗೆ ಇಣುಕಿ ಬಂದರು, ಅಷ್ಟೆ.

ನಮ್ಮ ಶಾಲಾ ಸಮಿತಿಯ ಅಧ್ಯಕ್ಷರು ಸಂಬಂಧದಲ್ಲಿ ನನಗೆ ಮಾವ ಆಗಬೇಕು. ತಿಳಿಯದ ವಿಷಯ ಇದೆ ಎಂದು ಅವರು ಒಪ್ಪಿಕೊಂಡದ್ದನ್ನು ನಾನು ಕಂಡಿಲ್ಲ. ಅಂದು ಸಂಜೆ ಆಲೆಮನೆಯ ಎದುರೇ ನಿಂತು ತೀರ್ಪು ಕೊಟ್ಟರು.

"ಕೂಸೆ, ಆನು ಹೇಳ್ತೆ ಕೇಳು. ಶ್ರಾವಣ ಬಪ್ಪದ್ರೊಳಗೆ ಈ ಕುದ್ರೆ ಇರ್ತಿಲ್ಲೆ. ಇದು ಬಯಲುಸೀಮೆ ಪ್ರಾಣಿ. ನಮ್ಮ ಮಳೆ ತಡೀತಿಲ್ಲೆ."

ಮಾತು ನನಗೆ ಹೇಳಿದ್ದಾದರೂ ದನಿ ಒಳಗೆ ಕೇಳುವಷ್ಟು ಇತ್ತು. ಅಕ್ಕೋರು ಕುದುರೆಯ ಬೆನ್ನು ತಿಕ್ಕುತ್ತಿದ್ದ ಕೈ ನಿಲ್ಲಿಸದೆ ಉತ್ತರ ಕೊಟ್ಟರು.

"ಮಳಿ ಮುಗದ ಮ್ಯಾಲ ಬರ್ರಿ. ನಿಂತಿರ್ತಾಳ."

ಆ ಎರಡು ಮಾತಿಗೆ ಊರೆಲ್ಲ ಸಾಕ್ಷಿಯಾಯಿತು. ಕುದುರೆ ಉಳಿಯುತ್ತದೋ ಇಲ್ಲವೋ ಎಂಬುದು ನಮಗೆ ಮಳೆಗಾಲದ ಹರಟೆ. ಅವರಿಗೆ ಅದು ತಂದೆಯ ಕೊನೆಯ ಕುದುರೆ. ಹಾಗೆಂದು ಅವರು ಯಾರ ಮುಂದೆಯೂ ಹೇಳಿಕೊಂಡವರಲ್ಲ.

ಮಳೆ ಹಿಡಿಯುವ ಮೊದಲು ಅವರು ಮಾಡಿದ ತಯಾರಿಯನ್ನು ನಾನು ಬೇಲಿಯಿಂದ ನೋಡುತ್ತಲೇ ಇದ್ದೆ. ಅವರ ತಮ್ಮ ಹಾವೇರಿಯಿಂದ ಒಂದು ಗಾಡಿ ಜೋಳದ ಕಣಿಕೆ ಕಳಿಸಿದ. ಇಲ್ಲಿಯ ಹಸಿ ಹುಲ್ಲಿನಲ್ಲಿ ನೀರೇ ಹೆಚ್ಚು, ಒಣ ಮೇವೂ ಹೊಟ್ಟೆಗೆ ಬೀಳಬೇಕು ಎಂಬುದು ಅವರ ವಾದ. ಹಾನಗಲ್ ಕಡೆಯ ಲಾಳದವನನ್ನು ಕರೆಸಿ ಹೊಡೆಸುವ ಬದಲು, ಅಡಿಯಲ್ಲಿ ಕೆಸರು ಕೂರಬಾರದೆಂದು ಇದ್ದ ಲಾಳಗಳನ್ನೂ ತೆಗೆಸಿದರು. ಜೀನನ್ನು ಬಿಸಿಲಿಗೆ ಒಡ್ಡಿ, ಹರಳೆಣ್ಣೆ ಸವರಿ, ಗಣಪಿಯ ಒಲೆಯ ಮೇಲಿನ ಅಟ್ಟಕ್ಕೆ ಏರಿಸಿದರು. ಇಲ್ಲಿಯ ಮಳೆಗೆ ಚರ್ಮದ ಚಪ್ಪಲಿಯೇ ಬೂಷ್ಟು ಹಿಡಿದು ಬೆಳ್ಳಗಾಗುತ್ತದೆ, ಇನ್ನು ಜೀನು ಉಳಿದೀತೆ? ಹೊಗೆ ತಾಗುವ ಅಟ್ಟದಲ್ಲಿ ಮುರುಗಲು ಸಿಪ್ಪೆಯ ಡಬ್ಬಿಗೂ ಹುಣಸೆಹಣ್ಣಿನ ಕುಕ್ಕೆಗೂ ನಡುವೆ ಜೀನು ನಾಲ್ಕು ತಿಂಗಳು ಕೂತಿತು. ಗಣಪಿಯ ಮನೆಗೆ ಬಂದ ನೆಂಟರು ತಲೆಯೆತ್ತಿ ನೋಡಿ, ಅಟ್ಟದ ಮೇಲೆ ಕುದುರೆಯನ್ನೂ ಹತ್ತಿಸಿದ್ದೀಯೇನೆ ಎಂದು ಕೇಳುತ್ತಿದ್ದರು.

ಆ ನಾಲ್ಕು ತಿಂಗಳು ಮೋತಿಯ ಬೆನ್ನ ಮೇಲೆ ಯಾರೂ ಕೂರುವಂತಿಲ್ಲ, ಅಕ್ಕೋರೂ ಸಹ. ಒದ್ದೆ ಬೆನ್ನಿಗೆ ಜೀನು ಬಿಗಿದರೆ ಹುಣ್ಣಾಗುತ್ತದೆ ಎಂದು ಅವರು ಗಂಬೂಟು ಹಾಕಿಕೊಂಡು ನಡೆದೇ ಶಾಲೆಗೆ ಬರುತ್ತಿದ್ದರು. ಕುದುರೆ ಇಟ್ಟುಕೊಂಡು ನಡೆಯುವುದೇಕೆ ಎಂದು ಮುಖ್ಯೋಪಾಧ್ಯಾಯರು ಕೇಳಿದ್ದಕ್ಕೆ, "ಸ್ವಾಮಿಗಳು ಚಾತುರ್ಮಾಸ ಕುಂಡ್ರಂಗಿಲ್ಲೇನ್ರಿ ಸರ? ಇಕಿನೂ ಕುಂತಾಳ," ಎಂದರು. ಅಧ್ಯಕ್ಷರಿಗೆ ಈ ಹೋಲಿಕೆ ರುಚಿಸಲಿಲ್ಲ. ಆದರೆ ಮಕ್ಕಳಿಗೆ ಅದು ಎಷ್ಟು ಹಿಡಿಸಿತೆಂದರೆ, ಮೋತಿ ಚಾತುರ್ಮಾಸ ಕೂತಿತೇ ಎಂದು ಕೇಳುವುದು ನಮ್ಮಲ್ಲಿ ಮಳೆ ಶುರುವಾಯಿತೇ ಎಂದು ಕೇಳುವ ಇನ್ನೊಂದು ರೀತಿಯಾಯಿತು.

ಕೂತಿತು ಎಂದರೆ ಸುಮ್ಮನೆ ಕೂರಿಸಿದ್ದಲ್ಲ. ಮಳೆ ಸ್ವಲ್ಪ ಹೊಳವಾದರೆ ಸಾಕು, ಹಗ್ಗ ಹಿಡಿದು ಡಾಂಬರು ರಸ್ತೆಯಲ್ಲಿ ಶಾಲೆಯ ಗೇಟಿನವರೆಗೆ ನಡೆಸಿ ತರುತ್ತಿದ್ದರು. ಬಂದೊಡನೆ ಒಂದೊಂದೇ ಕಾಲೆತ್ತಿ, ಎಕ್ಕಂಬಿಯ ಕಮ್ಮಾರ ಹಳೆ ಕತ್ತಿಯ ತುದಿ ಬಗ್ಗಿಸಿ ಮಾಡಿಕೊಟ್ಟ ಕೊಕ್ಕೆಯಿಂದ ಗೊರಸಿನ ಸಂದಿಯ ಕೆಸರು ತೆಗೆದು, ಹಳೆ ಪಂಚೆಯ ತುಂಡಿನಿಂದ ಒರೆಸಿ, ಕೊನೆಗೆ ಮೂಗು ಹತ್ತಿರ ತಂದು ಮೂಸುತ್ತಿದ್ದರು. ಮೊದಲ ಸಲ ಅದನ್ನು ಕಂಡಾಗ ನಾನು ಮುಖ ತಿರುಗಿಸಿದೆ. ಅವರು ತಲೆಯೆತ್ತಿ, "ನೀವು ಹಾಲು ಕೆಟ್ಟೈತಿಲ್ಲೋ ಅಂತ ಮೂಸಿ ನೋಡಂಗಿಲ್ಲೇನು?" ಎಂದರು.

ಒಮ್ಮೆ ವಾಸನೆ ಬಂದೇಬಿಟ್ಟಿತು. ಅಕ್ಕೋರು ತಾಲೂಕು ಮಟ್ಟದ ಆಟಕ್ಕೆಂದು ಮಕ್ಕಳನ್ನು ಕರೆದುಕೊಂಡು ಹೋದಾಗ ಗಣಪಿ ಪ್ರೀತಿಯಿಂದ ಮೋತಿಯ ಕಾಲಡಿಗೆ ಹಸಿ ಸೊಪ್ಪು ಹಾಸಿದ್ದಳು. ನಮ್ಮ ಕೊಟ್ಟಿಗೆಗಳಲ್ಲಿ ದನಕ್ಕೆ ಸೊಪ್ಪು ಹಾಸುವುದೇ ಪದ್ಧತಿ. ದನ ತುಳಿದಷ್ಟೂ ಗೊಬ್ಬರ. ಕುದುರೆಯ ಗೊರಸು ಮಾತ್ರ ಆ ಒದ್ದೆಯಲ್ಲಿ ನಿಂತು ಅಡಿಯಿಂದ ಕೊಳೆಯಲು ಶುರುವಾಯಿತು. ಅಕ್ಕೋರು ಬೈಯಲಿಲ್ಲ, ನಮ್ಮ ಮನೆಗೆ ಬಂದು ತೋಟಕ್ಕೆ ಹೊಡೆಯುವ ಮೈಲುತುತ್ತ ಇದೆಯೇ ಎಂದು ಕೇಳಿದರು. ಕೊಳೆರೋಗಕ್ಕೆ ಅಡಿಕೆಗೆ ಹೊಡೆಯುವ ಅದೇ ನೀಲಿ ಹರಳನ್ನು ತೆಳ್ಳಗೆ ನೀರಿನಲ್ಲಿ ಕರಗಿಸಿ ಗೊರಸು ತೊಳೆದರು. ಸೊಪ್ಪೆಲ್ಲ ಎಳೆದು ಹಾಕಿ, ಕಾಡಿನಲ್ಲಿ ಉದುರಿದ ಒಣ ಎಲೆಯ ದರಕು ಹಾಸಿದರು. ಅಡಿಕೆಗೂ ಕುದುರೆಗೂ ಒಂದೇ ಔಷಧ ಎಂದ ಮೇಲೆ ಊರಿನವರಿಗೆ ಮೋತಿಯ ಮೇಲೆ ಏನೋ ಒಂದು ನೆಂಟಸ್ತಿಕೆ ಹುಟ್ಟಿತು. ಅಧ್ಯಕ್ಷರು ತಮ್ಮ ಮನೆಯಿಂದಲೇ ಒಂದು ಪೊಟ್ಟಣ ಕಳಿಸಿದರು, ಕುದುರೆ ಉಳಿದೀತೆಂಬ ಆಸೆಯಿಂದಲ್ಲ, ಶ್ರಾವಣ ಹತ್ತಿರವಾಗಿತ್ತು ಎಂದು ಕರುಣೆಯಿಂದ.

ಶ್ರಾವಣ ಬಂತು, ಹೋಯಿತು. ಮಳೆ ಬಿಟ್ಟು ಬಿಸಿಲು ಗಟ್ಟಿಯಾದ ದಿನ ಅಕ್ಕೋರು ಮೋತಿಯನ್ನು ಆಲೆಮನೆಯಿಂದ ಹೊರಗೆ ತಂದು ರಸ್ತೆಯ ಮಧ್ಯ ನಿಲ್ಲಿಸಿದರು. ಬೆಳಗಿನ ಬಸ್ಸಿಗೆ ದಾರಿಯಿಲ್ಲ. ಡ್ರೈವರ್ ಹಾರ್ನ್ ಹೊಡೆದ, ಜನ ಸೇರಿದರು. ಅವರಿಗೆ ಬೇಕಾದದ್ದೂ ಅದೇ. ಅಧ್ಯಕ್ಷರು ಪಂಚೆ ಎತ್ತಿಕೊಂಡು ಬರುವವರೆಗೆ ಕಾದು, ಕೈಯನ್ನು ಕುದುರೆಯ ಕತ್ತಿನ ಮೇಲಿಟ್ಟು ಹೇಳಿದರು:

"ನಿಂತಾಳ ನೋಡ್ರಿ."

ಅಷ್ಟೇ. ಆಮೇಲೆ ಪ್ರತಿ ವರ್ಷವೂ ಮಳೆ ಬಿಟ್ಟ ದಿನ ಅದೇ ರಸ್ತೆ, ಅದೇ ಬಸ್ಸು, ಅದೇ ಮಾತು. ಜಂಬ ಪಡುವುದಕ್ಕೆ ಅವರಿಗೆ ನಾಚಿಕೆ ಎಂಬುದೇ ಇರಲಿಲ್ಲ. ಅದು ನನಗೆ ಅವರಲ್ಲಿ ಎಲ್ಲಕ್ಕಿಂತ ಇಷ್ಟವಾದ ಗುಣ. ನಾವು ಇಲ್ಲಿಯವರು ಹತ್ತು ಕೆಲಸ ಮಾಡಿದರೂ ಎಂತದೂ ಇಲ್ಲೆ, ಹೀಂಗೇ ಒಂಚೂರು ಎಂದು ಹೇಳಿ ಮುಖ ಮುಚ್ಚಿಕೊಳ್ಳುವ ಜನ. ಅವರು ಒಂದು ಕೆಲಸ ಮಾಡಿ ಹತ್ತು ಜನರನ್ನು ಕರೆದು ತೋರಿಸುತ್ತಿದ್ದರು.

ಆ ಮೊದಲ ವರ್ಷ ಮಾತ್ರ ಅವರ ಜಂಬಕ್ಕೆ ದೃಷ್ಟಿ ತಾಗಿತು. ದೃಷ್ಟಿಯೂ ನಮ್ಮದೇ, ಪ್ರೀತಿಯೂ ನಮ್ಮದೇ. ಮಳೆ ಗೆದ್ದ ಕುದುರೆಯ ಮೇಲೆ ಊರಿಗೆ ಅಭಿಮಾನ ಉಕ್ಕಿತ್ತು. ಅಷ್ಟರಲ್ಲಿ ದೊಡ್ಡಹಬ್ಬ ಬಂತು, ದೀಪಾವಳಿಯನ್ನು ನಾವು ಕರೆಯುವುದು ಹಾಗೆಯೇ. ಗೋಪೂಜೆಯ ಬೆಳಿಗ್ಗೆ ದನಗಳಿಗೆಲ್ಲ ಮಿಂದು, ಚೆಂಡುಹೂವಿನ ಮಾಲೆ ಹಾಕಿಸಿಕೊಂಡು, ಅನ್ನ, ಕಡುಬು, ಬೆಲ್ಲ ತಿನ್ನುವ ಸಂಭ್ರಮ. ಅಕ್ಕೋರು ಹಬ್ಬಕ್ಕೆ ಬರುವ ತಮ್ಮನನ್ನು ಕರೆತರಲು ಮಂಚಿಕೇರಿಗೆ ಹೋಗಿದ್ದರು. ತನ್ನ ದನಗಳ ಪೂಜೆ ಮುಗಿಸಿದ ಗಣಪಿಗೆ ಮೋತಿ ಒಬ್ಬಳೇ ಹೂವಿಲ್ಲದೆ ನಿಂತದ್ದು ಕಂಡಿತು. ಒಂದು ಮಾಲೆ ಹಾಕಿ, ಒಂದು ಮೊರದ ತುಂಬ ಅನ್ನ, ಕಡುಬು ಇಟ್ಟಳು. ಅದನ್ನು ಕಂಡು ಪಕ್ಕದ ಮನೆಯವರು ತಂದರು. ಅವರನ್ನು ಕಂಡು ಆಚೆ ಕೇರಿಯವರು. ಬೇಲಿಯಿಂದ ನೋಡುತ್ತಿದ್ದ ನನಗೂ ಅದು ಚೆಂದವೆಂದೇ ಕಂಡಿತು. ಒಂದು ಪ್ರಾಣಿಯನ್ನು ಊರು ತನ್ನದು ಎಂದು ಒಪ್ಪಿಕೊಳ್ಳುವುದು ಹೀಗೆ ತಾನೆ?

ಮಧ್ಯಾಹ್ನದ ಹೊತ್ತಿಗೆ ಮೋತಿ ಮುಂಗಾಲಿನಿಂದ ನೆಲ ಕೆರೆಯತೊಡಗಿತು. ಮತ್ತೆ ಮತ್ತೆ ಕತ್ತು ತಿರುಗಿಸಿ ತನ್ನ ಹೊಟ್ಟೆಯನ್ನೇ ನೋಡಿಕೊಳ್ಳುತ್ತಿತ್ತು. ಬೆವರಿತು, ಮಲಗಿತು, ಎದ್ದಿತು, ಮತ್ತೆ ಮಲಗಿ ಹೊರಳಲು ನೋಡಿತು. ಅಷ್ಟರಲ್ಲಿ ಅಕ್ಕೋರು ತಮ್ಮನ ಜೊತೆ ಬಂದರು. ಕೊರಳಿನ ಮಾಲೆ ನೋಡಿದರು, ಖಾಲಿ ಮೊರ ನೋಡಿದರು. ಕೇಳುವುದಕ್ಕೆ ಏನೂ ಉಳಿದಿರಲಿಲ್ಲ. ಹಗ್ಗ ಹಿಡಿದು ಎಬ್ಬಿಸಿ ರಸ್ತೆಗೆ ತಂದರು.

ಯಲ್ಲಾಪುರದ ದನದ ಡಾಕ್ಟರಿಗೆ ನಾನೇ ಫೋನು ಮಾಡಿದೆ. ಹಬ್ಬದೂಟಕ್ಕೆ ಕೂತಿದ್ದ ಮನುಷ್ಯ ಎದ್ದು ಹೊರಟರು. ತಾವು ಬರುವವರೆಗೆ ಹೊರಳಲು ಬಿಡದೆ ನಿಧಾನ ನಡೆಸುತ್ತಿರಿ ಎಂದರು. ಅಕ್ಕೋರು ಅದನ್ನು ಆಗಲೇ ಮಾಡುತ್ತಿದ್ದರು. ಆಲೆಮನೆಯಿಂದ ಶಾಲೆಯ ಗೇಟು, ಗೇಟಿನಿಂದ ಆಲೆಮನೆ. ದನ ತಿಂದದ್ದನ್ನು ಮತ್ತೆ ಬಾಯಿಗೆ ತಂದು ಮೆಲುಕು ಹಾಕುತ್ತದೆ, ಕುದುರೆಗೆ ಅದಿಲ್ಲ, ವಾಂತಿಯೂ ಇಲ್ಲ, ನುಂಗಿದ್ದು ಮುಂದೆಯೇ ಹೋಗಬೇಕು ಎಂದು ಅಕ್ಕೋರ ತಮ್ಮ ನಮಗೆ ತಗ್ಗಿದ ದನಿಯಲ್ಲಿ ವಿವರಿಸಿದ. ಗಟ್ಟಿಯಾಗಿ ಕಟ್ಟಿಕೊಂಡರೆ ಕುದುರೆ ಉಳಿಯುವುದಿಲ್ಲ ಎಂದೂ ಹೇಳಿದ.

ಗಣಪಿ ರಸ್ತೆಯ ಬದಿಯಲ್ಲಿ ಕೂತು ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಮೂರನೆಯ ಸುತ್ತಿಗೋ ನಾಲ್ಕನೆಯ ಸುತ್ತಿಗೋ ಅಕ್ಕೋರು ಅವಳೆದುರು ನಿಂತರು.

"ಅಳಬ್ಯಾಡ್ರಿ ಅಕ್ಕಾ. ನೀವೇನು ವಿಷಾ ಹಾಕಿಲ್ಲ, ಹಬ್ಬಾ ಹಾಕೀರಿ. ಏಳ್ರಿ, ಹಗ್ಗ ಹಿಡೀರಿ. ನನಗ ಕಾಲು ಸೋತಾವು."

ಅವರ ಕಾಲು ಸೋತಿರಲಿಲ್ಲ. ಆಟದ ಮೈದಾನದಲ್ಲಿ ದಿನವಿಡೀ ಓಡುವ ಹೆಂಗಸಿಗೆ ಅಷ್ಟಕ್ಕೇ ಕಾಲು ಸೋಲುತ್ತದೆಯೇ? ಗಣಪಿ ಎದ್ದು ಹಗ್ಗ ಹಿಡಿದು ನಡೆದಳು. ಅವಳ ನಂತರ ನಾನು ಹಿಡಿದೆ, ನನ್ನ ನಂತರ ಅಧ್ಯಕ್ಷರು. ಕಡುಬು ತಂದ ಮನೆಗಳೆಲ್ಲ ಒಂದೊಂದು ಸುತ್ತು ನಡೆದವು. ಡಾಕ್ಟರು ಬಂದು ಇಂಜೆಕ್ಷನ್ ಕೊಟ್ಟು, ಮೂಗಿನಿಂದ ಕೊಳವೆ ಇಳಿಸಿ ಎಣ್ಣೆ ಹಾಕಿದರು. ಇನ್ನು ಲದ್ದಿ ಹಾಕಿದರೆ ಗೆದ್ದಂತೆ ಎಂದು ಹೇಳಿ, ತಾವೂ ಬೇಲಿಯ ಕಲ್ಲಿನ ಮೇಲೆ ಕೂತರು.

ಸಗಣಿಗೆ ಯಾವ ಕೊರತೆಯೂ ಇಲ್ಲದ ನಮ್ಮೂರು ಆ ದಿನ ಒಂದು ಮುಷ್ಟಿ ಲದ್ದಿಗಾಗಿ ಕಾದು ನಿಂತಿತು. ಯಾರೂ ಊಟಕ್ಕೆ ಹೋಗಲಿಲ್ಲ. ಎಲ್ಲರ ಕಣ್ಣೂ ಮೋತಿಯ ಬಾಲದ ಮೇಲೆ. ಬಿಸಿಲು ಇಳಿಯುತ್ತಿದ್ದಾಗ ಹಗ್ಗ ಹಿಡಿದಿದ್ದವರು ಅಕ್ಕೋರು, ಹಿಂದೆ ಹಿಂದೆ ನಡೆಯುತ್ತಿದ್ದವರು ಅಧ್ಯಕ್ಷರು. ಬಾಲ ಎತ್ತಿದ್ದನ್ನು ಮೊದಲು ಕಂಡವರೂ ಅವರೇ.

"ಹಾಕ್ಚು, ಅಕ್ಕೋರೆ. ಹಾಕ್ಚು," ಎಂದರು.

ಅಕ್ಕೋರು ತಿರುಗಿ ನೋಡಿ, ಕುದುರೆಯ ಕತ್ತಿಗೆ ಹಣೆ ಒತ್ತಿಕೊಂಡು ಅತ್ತರು. ಅವರು ಅತ್ತದ್ದನ್ನು ನಾನು ಕಂಡದ್ದು ಆಗ ಮಾತ್ರ.

ಮುಂದಿನ ವರ್ಷ ದೊಡ್ಡಹಬ್ಬಕ್ಕೆ ಯಾರೂ ಮೋತಿಯ ಹತ್ತಿರ ಸುಳಿಯಲಿಲ್ಲ. ಹೆದರಿದ್ದೆವು. ಅಕ್ಕೋರೇ ಮನೆಮನೆಗೆ ಬಂದು ಕರೆದರು. ಹಬ್ಬ ಹೊಟ್ಟೆಗೇ ಆಗಬೇಕೆಂದೇನಿದೆ, ಮೈಗೆ ಮಾಡೋಣ ಎಂದರು. ಕುದುರೆಯ ಮೈ ತಿಕ್ಕುವ ಕಬ್ಬಿಣದ ಖರಾರವನ್ನೂ ಒಂದು ಬ್ರಶ್ಶನ್ನೂ ಕೊಟ್ಟು, ಮನೆಗೊಬ್ಬರು ಬಂದು ಒಂದೊಂದು ಕೈ ತಿಕ್ಕಬೇಕು, ಕೂದಲು ಬೆಳೆದ ದಿಕ್ಕಿಗೆ, ಒಂದು ಹಿಡಿ ಒಣ ಹುಲ್ಲಿಟ್ಟು ಹೋಗಬೇಕು ಎಂದರು. ಆ ದಿನದಿಂದ ಇಂದಿನವರೆಗೆ ನಮ್ಮೂರಿನ ದೊಡ್ಡಹಬ್ಬದಲ್ಲಿ ಗೋಪೂಜೆಯ ನಂತರ ಕುದುರೆ ತಿಕ್ಕುವುದು ಇದೆ. ಇಷ್ಟು ಕೈ ಬಿದ್ದ ಮೇಲೆ ಮೋತಿಯ ಮೈ ತಾಮ್ರದ ಹಂಡೆಯ ಹಾಗೆ ಹೊಳೆಯುತ್ತದೆ. ಬೇರೆ ಯಾವ ಊರಲ್ಲಿದೆ ಇದು? ಇದ್ದರೆ ನನಗೆ ತೋರಿಸಿ.

ಚಳಿಗಾಲದ ಅಕ್ಕೋರು ಬೇರೆಯೇ ಮನುಷ್ಯೆ. ಜೀನು ಅಟ್ಟದಿಂದ ಇಳಿಯುತ್ತಿತ್ತು, ಲಾಳ ಬೀಳುತ್ತಿತ್ತು, ಅವರು ಕುದುರೆಯೇರಿ ಶಾಲೆಗೆ ಬರುತ್ತಿದ್ದರು. ಟ್ರ್ಯಾಕ್ ಸೂಟು, ಹಿಮ್ಮಡಿ ಇರುವ ಕಪ್ಪು ಬೂಟು, ತಲೆಗೆ ಸ್ಕೂಟರ್ ಹೆಲ್ಮೆಟ್ಟು. ಕುದುರೆಯ ಮೇಲೆ ಹೆಲ್ಮೆಟ್ಟೇ ಎಂದು ನಕ್ಕವರಿಗೆ, ಬಿದ್ದರೆ ನೆಲ ಸ್ಕೂಟರಿನಿಂದ ಬಿದ್ದಿಯೋ ಕುದುರೆಯಿಂದ ಬಿದ್ದಿಯೋ ಎಂದು ಕೇಳುತ್ತದೆಯೇ ಎನ್ನುತ್ತಿದ್ದರು. ಮಕ್ಕಳನ್ನು ಕೂರಿಸುವಾಗಲೂ ಅದೇ ನಿಯಮ. ಚಪ್ಪಲಿ ಹಾಕಿದವರಿಗೆ ಸವಾರಿಯಿಲ್ಲ. ಪಾದ ಜಾರಿ, ಜೀನಿನಿಂದ ಇಳಿಬಿದ್ದ ರಿಕಾಪಿನ ಬಳೆಯೊಳಗೆ ಸಿಕ್ಕಿಕೊಂಡರೆ ಕುದುರೆ ಎಳೆದುಕೊಂಡು ಹೋಗುತ್ತದೆ.

ಅಧ್ಯಕ್ಷರಿಗೆ ಮೊಮ್ಮಕ್ಕಳಿಗೆ ತೋರಿಸಲು ಕುದುರೆಯ ಮೇಲೆ ಒಂದು ಫೋಟೊ ಬೇಕಿತ್ತು. ಬಿಳಿ ಪಂಚೆಯುಟ್ಟು, ಹವಾಯಿ ಚಪ್ಪಲಿ ಮೆಟ್ಟಿ ಬಂದರು. ಸಂಬಳದ ಕಾಗದಕ್ಕೆ ರುಜು ಹಾಕುವವರೇ ಕೇಳಿದರೂ ಅಕ್ಕೋರು ಒಪ್ಪಲಿಲ್ಲ. "ಬೂಟು ಹಾಕ್ಕೊಂಡು ಬರ್ರಿ ಸಾಹೇಬ್ರ, ನಾಳೆನೂ ಕುದರಿ ಇಲ್ಲೇ ಇರ್ತೈತಿ," ಎಂದು ತಿರುಗಿಸಿ ಕಳಿಸಿದರು. ಮರುದಿನ ಅವರು ತೋಟದ ಗಂಬೂಟು ಹಾಕಿಕೊಂಡೇ ಬಂದರು. ಬಿಳಿ ಪಂಚೆ, ಕಪ್ಪು ಗಂಬೂಟು, ಮಗನ ಹೆಲ್ಮೆಟ್ಟು. ಆ ಫೋಟೊ ಇವತ್ತಿಗೂ ಅವರ ಜಗಲಿಯಲ್ಲಿದೆ, ದೇವರ ಪಟಗಳಿಗಿಂತ ಸ್ವಲ್ಪವೇ ಕೆಳಗೆ.

ನನಗೆ ಅವರು ನೆನಪಾಗುವುದು ಮಾತ್ರ ನಮ್ಮ ಅಡಿಗೆಮನೆಯ ಬಾಗಿಲಲ್ಲಿ. ಮಾಗೋಡಿನ ಕಡೆಯಿಂದ ಮಂಜು ಕವಿದು ಬರುವ ಪುಷ್ಯದ ಬೆಳಿಗ್ಗೆಗಳಲ್ಲಿ, ಮೋತಿಗೆ ನೆನೆಸಿದ ಹುರುಳಿ ಹಾಕಿಯಾದ ಮೇಲೆ ಚಹಾಕ್ಕೆ ಬರುತ್ತಿದ್ದರು. ಕುದುರೆ ತಿನ್ನುವ ಮೊದಲು ಅವರು ಕುಡಿದದ್ದಿಲ್ಲ. ಕೈಯಲ್ಲಿ ಯಾವಾಗಲೂ ಕಡಿವಾಣ, ಕುದುರೆಯ ಬಾಯೊಳಗೆ ಕೂರುವ ಆ ಕಬ್ಬಿಣದ ತುಂಡು. ಅದನ್ನು ಬಿಸಿ ಚಹಾದ ಲೋಟಕ್ಕೆ ಒತ್ತಿ, ಎರಡೂ ಅಂಗೈಯಿಂದ ಅಪ್ಪಿ ಹಿಡಿದು ಕೂರುತ್ತಿದ್ದರು. ಚಳಿಯಲ್ಲಿ ತಣ್ಣನೆಯ ಕಬ್ಬಿಣ ಬಾಯಿಗೆ ಇಟ್ಟರೆ ನಮಗೂ ಜುಮ್ಮೆನ್ನುವುದಿಲ್ಲವೇ ಎಂದು ಕೇಳಿದ್ದರು. ಲೋಟ ಖಾಲಿಯಾಗುವ ಹೊತ್ತಿಗೆ ಕಬ್ಬಿಣ ಬೆಚ್ಚಗಾಗುತ್ತಿತ್ತು. ಬೆಂಕಿಗೆ ಹಿಡಿದರೆ ಬೇಗ ಆಗುತ್ತದಲ್ಲ ಎಂದು ನಾನೊಮ್ಮೆ ಬುದ್ಧಿ ಹೇಳಿದೆ. ಬೆಂಕಿಗೆ ಹಿಡಿದರೆ ಎಷ್ಟು ಕಾದಿದೆ ಎಂದು ಕೈಗೆ ತಿಳಿಯುವುದಿಲ್ಲ ಎಂದರು.

ಬೇಸಿಗೆಯಲ್ಲಿ ಸವಾರಿ ಬಿಸಿಲೇರುವ ಮೊದಲೇ ಮುಗಿಯುತ್ತಿತ್ತು. ಮೇವಿನ ಹತ್ತಿರ ಕಲ್ಲುಪ್ಪಿನ ಗಟ್ಟಿ ನೇತಾಡುತ್ತಿತ್ತು. ಸಂಜೆ ಕಿವಿಯ ಒಳಗೆ, ಬಾಲದ ಬುಡದಲ್ಲಿ, ತೊಡೆ ಸಂದಿಯಲ್ಲಿ ಬೆರಳಾಡಿಸಿ ರಕ್ತ ಹೀರುವ ಉಣುಗು ಹೆಕ್ಕುತ್ತಿದ್ದರು. ಸಿದ್ದಾಪುರದ ಕಡೆ, ಉಣುಗಿನಿಂದಲೇ ಹರಡುವ ಮಂಗನ ಕಾಯಿಲೆಯ ಸುದ್ದಿ ಬಂದ ವರ್ಷ ಆಟದ ಪೀರಿಯಡ್ಡಿನಲ್ಲಿ ಮಕ್ಕಳನ್ನೂ ಸಾಲಾಗಿ ನಿಲ್ಲಿಸಿ ಕಿವಿಯ ಹಿಂದೆ, ಕುತ್ತಿಗೆಯಲ್ಲಿ ಉಣುಗು ಹುಡುಕಿದರು. ನಮ್ಮ ಶಾಲೆಯ ಮಕ್ಕಳಿಗೂ ಮೋತಿಗೂ ಅವರು ಮಾಡುವ ಆರೈಕೆಯಲ್ಲಿ ದೊಡ್ಡ ವ್ಯತ್ಯಾಸ ಇರಲಿಲ್ಲ. ಮಕ್ಕಳಿಗೆ ಅದು ಗೊತ್ತಿತ್ತು, ಬೇಸರ ಮಾಡಿಕೊಳ್ಳಲಿಲ್ಲ.

ಹೀಗೇ ವರ್ಷಗಳು ಹೋದವು. ಮೋತಿಯ ಮುಖದಲ್ಲಿ ನರೆ ಬಂತು, ಮೊಣಕಾಲು ಬಿಗಿಯಾಯಿತು. ಹೋದ ಮೇ ತಿಂಗಳಲ್ಲಿ ಅಕ್ಕೋರಿಗೆ ನಿವೃತ್ತಿ. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಆಯಿತು. ಮರುದಿನ ಅವರ ತಮ್ಮ ಟೆಂಪೊ ತಂದ, ಒಳಗೆ ಹುಲ್ಲು ಹಾಸಿದ್ದ. ಹಾವೇರಿಯ ಮನೆಯ ಹಿಂದಿದ್ದ ಲಾಯದ ಜಾಗದಲ್ಲಿ ಈಗ ಅಂಗಡಿ ಮಳಿಗೆಗಳಾಗಿವೆ, ತಗಡಿನ ಚಪ್ಪರ ಹಾಕಿಸಿದ್ದೇನೆ ಎಂದು ಅಕ್ಕನ ಮುಖ ನೋಡದೆ ಹೇಳಿದ. ಊರೆಲ್ಲ ಆಲೆಮನೆಯ ಎದುರು ಸೇರಿತ್ತು. ಮೊದಲು ಬಾಯಿ ತೆರೆದವಳು ಗಣಪಿ.

"ತಗಡಿನ ಅಡಿಗೆ, ಆ ಬಿಸ್ಲಿಗೆ ಇದು ಉಳಿಯುದಿಲ್ಲ ಅಕ್ಕೋರೆ. ಇದು ಮಲೆನಾಡ ಕುದ್ರೆ," ಎಂದಳು.

ಅಧ್ಯಕ್ಷರು ಹೌದೆಂದು ತಲೆಯಾಡಿಸಿದರು. ಒಬ್ಬರಿಗೂ ನಗು ಬರಲಿಲ್ಲ. ಅಕ್ಕೋರಿಗೆ ಮಾತ್ರ ಬಂತು. ನಗುತ್ತಲೇ ಮೋತಿಯ ಮೊಣಕಾಲು ಮುಟ್ಟಿ ನೋಡಿದರು, ಟೆಂಪೊದ ಎತ್ತರ ನೋಡಿದರು. ಎಷ್ಟೋ ಹೊತ್ತು ಕುದುರೆಯ ಪಕ್ಕ ನಿಂತರು. ಆಮೇಲೆ ಹಗ್ಗವನ್ನು ಗಣಪಿಯ ಕೈಗೆ ಕೊಟ್ಟರು.

"ಇಕಿ ಈಗ ನಿಮ್ಮೂರಾಕಿ," ಎಂದರು. "ಮಳಿ ಹೆಂಗ ಕಳೀತೀರೋ ನೋಡ್ತೇನಿ."

ಜೀನು, ಖರಾರ, ಗೊರಸಿನ ಕೊಕ್ಕೆ, ಕಂಬಳಿ ಎಲ್ಲ ಬಿಟ್ಟರು. ಕಡಿವಾಣ ಮಾತ್ರ ಬಿಚ್ಚಿ ತೆಗೆದುಕೊಂಡರು. ತಾನು ನಿವೃತ್ತಳಾದಂತೆ ಇವಳೂ ಆದಳು, ಇನ್ನು ಈ ಬಾಯಿಗೆ ಕಬ್ಬಿಣ ಬೇಡ ಎಂದರು. ಟೆಂಪೊದ ಮುಂದಿನ ಸೀಟಿನಲ್ಲಿ ಕೂತಾಗ ಅದನ್ನು ಎರಡೂ ಅಂಗೈಯಲ್ಲಿ ಮುಚ್ಚಿ ಹಿಡಿದಿದ್ದರು. ಹೊರಗೆ ಸುಡುವ ಬಿಸಿಲಿತ್ತು.

ಈ ವರ್ಷದ ಮಳೆಯನ್ನು ನಾವು ಹೇಗೆ ಕಳೆದೆವು ಎಂದು ನಮಗೇ ಗೊತ್ತು. ಮುದಿ ಕುದುರೆ, ಬಿಡದ ಮಳೆ, ಹೇಳಿಕೊಡಲು ಅವರಿಲ್ಲ. ಗಣಪಿ ದರಕು ಬದಲಿಸಿದಳು, ನಾನು ಹೊಳವಾದಾಗ ನಡೆಸಿದೆ, ಅಧ್ಯಕ್ಷರು ಈ ವಯಸ್ಸಿನಲ್ಲಿ ಕೊಕ್ಕೆ ಹಿಡಿದು ಗೊರಸು ಕೆರೆಯಲು ಕಲಿತರು. ಆಷಾಢದಲ್ಲಿ ಒಮ್ಮೆ ಮೋತಿ ಮೇವು ಬಿಟ್ಟಾಗ ಮೂವರಿಗೂ ಊಟ ಸೇರಲಿಲ್ಲ. ಅಕ್ಕೋರು ಒಂದು ಸಲವೂ ಫೋನು ಮಾಡಿ ವಿಚಾರಿಸಲಿಲ್ಲ. ನಾವೂ ಮಾಡಲಿಲ್ಲ. ಮಳೆ ಮುಗಿಯುವವರೆಗೆ ಹೇಳುವುದಕ್ಕೆ ಏನಿದೆ?

ಹೋದ ವಾರ ಬಿಸಿಲು ಗಟ್ಟಿಯಾಯಿತು. ಗಣಪಿ ಮೋತಿಯನ್ನು ಹೊರಗೆ ತಂದು ರಸ್ತೆಯ ಮಧ್ಯ ನಿಲ್ಲಿಸಿದಳು. ಬೆಳಗಿನ ಬಸ್ಸು ಬಂದು ನಿಂತಿತು. ಡ್ರೈವರ್ ಹೊಸಬ, ಹಾರ್ನ್ ಹೊಡೆದ. ಕಂಡಕ್ಟರ್ ಅವನಿಗೆ, ಸುಮ್ಮನಿರು ಮಾರಾಯ ಎಂದ. ನಾನು ಹಾವೇರಿಗೆ ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ ಸ್ಪೀಕರಿಗೆ ಹಾಕಿದೆ. ಅಕ್ಕೋರು ಎತ್ತಿಕೊಂಡವರೇ ನಮಸ್ಕಾರವನ್ನೂ ಹೇಳದೆ ಕೇಳಿದರು.

"ಕಾಲು ಮೂಸಿ ನೋಡೀರೇನ್ರಿ?"

ಅಧ್ಯಕ್ಷರು ಪಂಚೆ ಎತ್ತಿ ಕಟ್ಟಿದರು. ಬಸ್ಸಿನಲ್ಲಿದ್ದವರೆಲ್ಲ ಕಿಟಕಿಯಲ್ಲಿ ತಲೆ ಹಾಕಿದ್ದರು. ಅವರು ಬಾಗಿ, ಒಂದೊಂದಾಗಿ ನಾಲ್ಕೂ ಕಾಲೆತ್ತಿ, ಮೂಗು ತಾಗುವಷ್ಟು ಹತ್ತಿರ ತಂದು ಮೂಸಿದರು. ಬೆನ್ನು ನೆಟ್ಟಗೆ ಮಾಡಿಕೊಂಡು ಫೋನಿನ ಹತ್ತಿರ ಬಂದರು.

"ಎಂತ ವಾಸನೆನೂ ಇಲ್ಲೆ ಅಕ್ಕೋರೆ. ನಾಲ್ಕೂ ಒಣಗಿದ್ದು," ಎಂದರು. ಆಮೇಲೆ ಅಕ್ಕೋರದೇ ಮಾತಿನಲ್ಲಿ, ಅಕ್ಕೋರದೇ ಜಂಬದಲ್ಲಿ ಹೇಳಿದರು: "ನಿಂತಾಳ ನೋಡ್ರಿ."

ಆಮೇಲೆ ಅಕ್ಕೋರು ಫೋನು ಕೈಯಲ್ಲಿ ಹಿಡಿದುಕೊಂಡೇ ಹಾವೇರಿಯ ಬೀದಿಗೆ ಬಂದು ಯಾರನ್ನೋ ಕೂಗಿ ಕರೆದು ಹೇಳಿದ್ದು ನಮಗೆಲ್ಲ ಕೇಳಿಸಿತು:

"ಏ, ನಮ್ಮೂರಾಗ ಮೋತಿ ನಿಂತಾಳಂತ."